ಸೋಮವಾರದ ಗಂಟಲು

“ಮಗಳು ನಾನು ಹೆತ್ತವಳು, ಅವಳ ಗಂಟಲು ನಮ್ಮಮ್ಮನ ಕಡೆಯಿಂದ ಬಂದದ್ದು, ಸೋಮವಾರ ದೇವರು ಕೊಟ್ಟಿದ್ದು. ಇದರಲ್ಲಿ ಮೇಷ್ಟ್ರದ್ದೇನಿದೆ?”

ಒತಿಲಿಯಾ ಶಾಲೆಯಿಂದ ಬಂದ ಚೀಟಿಯನ್ನು ಒಲೆಗೆ ಹಾಕಿಬಿಟ್ಟಳು. (ಹಾಕುವ ಮೊದಲು ಎರಡು ಸಲ ಓದಿದ್ದಳು ಅನ್ನುವುದು ಬೇರೆ ಮಾತು.) ತಿಂಗಳಿಗೆ ಮೂರು ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದ ಮಕ್ಕಳ ಅಪ್ಪ-ಅಮ್ಮ ಬಂದು ಶಾಲೆಯ ಪಾಯಿಖಾನೆಗೆ ಸುಣ್ಣ ಬಳಿಯತಕ್ಕದ್ದು ಎಂಬುದು ಅಬುಂದಿಯೋ ಮೇಷ್ಟ್ರು ಹೊರಡಿಸಿದ ಹೊಸ ರಾಜಶಾಸನ. ಮಗಳು ನೆರೈದಾ ತಪ್ಪಿಸುತ್ತಿದ್ದದ್ದು ತಿಂಗಳಿಗೆ ನಾಲ್ಕೇ ದಿನ. ನಾಲ್ಕೂ ಸೋಮವಾರ. ಸೋಮವಾರ ಅವರೂರು ಸಾನ್ ಮತಿಯಾಸ್‌ನಲ್ಲಿ ಸಂತೆ. ಒತಿಲಿಯಾ ಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ತಮಾಲೆಗೆ ಗುಡ್ಡದಾಚೆಯ ಜನವೂ ಬರುತ್ತಿದ್ದರು. ತನ್ನ ಕೈರುಚಿಗೆ ಬರುತ್ತಾರೆ ಎಂದು ಅವಳ ನಂಬಿಕೆ. ಆದರೆ ಹನ್ನೊಂದು ವರ್ಷದ ನೆರೈದಾ “ತಮಾಲೇ, ಬಿಸೀ ತಮಾಲೇ!” ಎಂದು ಕೂಗಿದರೆ ಇಗರ್ಜಿಯ ಪಾರಿವಾಳಗಳೆಲ್ಲ ಒಟ್ಟಿಗೆ ಮೇಲೇಳುತ್ತಿದ್ದವು.

“ಅಮ್ಮಾ, ಸೋಮವಾರ ಬಾವುಟ ವಂದನೆ ಇರತ್ತೆ,” ಎಂದಳು ನೆರೈದಾ. “ಆರು ಜನರ ತಂಡ ಬಾವುಟ ಹೊತ್ತು ಅಂಗಳ ಸುತ್ತತ್ತೆ. ಮುಂದೆ ನಿಂತು ಆಜ್ಞೆ ಕೂಗೋಕೆ ನಾನೇ ಸರಿ ಅಂತಾರೆ ಮೇಷ್ಟ್ರು. ಆದ್ರೆ ಸೋಮವಾರ ಬರದವಳಿಗೆ ಕೊಡಲ್ವಂತೆ.”

“ಅಲ್ಲಿ ಕೂಗಿದ್ರೆ ನಮ್ಮ ಹಂಡೆ ಖಾಲಿ ಆಗತ್ತೇನೇ?”

ಮೂರು ವಾರದಿಂದ ನೆರೈದಾ ಹಿತ್ತಲಲ್ಲಿ ಕೋಳಿಗಳನ್ನು ಸಾಲಾಗಿ ನಿಲ್ಲಿಸಿ ಅಭ್ಯಾಸ ಮಾಡುತ್ತಿದ್ದದ್ದು ಒತಿಲಿಯಾಳಿಗೆ ಗೊತ್ತಿತ್ತು. (ಕೋಳಿಗಳು ಬಲಕ್ಕೆ ತಿರುಗಲು ಕಲಿತಿದ್ದವು, ಎಡ ಇನ್ನೂ ಬಂದಿರಲಿಲ್ಲ.) ಗೊತ್ತಿದ್ದದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

ಭಾನುವಾರ ಪಾಲಕರ ಸಭೆ. “ನಾನು ಹೋಗಲ್ಲ, ನೀನೂ ಹೋಗಕೂಡದು. ಬಹಿಷ್ಕಾರ!” ಎಂದು ಗಂಡ ಮೆಲ್ಕೋರ್‌ಗೆ ಅಪ್ಪಣೆಯಾಯಿತು.

“ಸಭೆಗೆ ಹೋಗದವರಿಗೆ ಏನಾಗತ್ತೆ ಅಂತ ನಿಂಗೆ ಗೊತ್ತಲ್ಲ…”

“ಏನಾದ್ರೂ ಆಗ್ಲಿ! ಒತಿಲಿಯಾ ಯಾರಪ್ಪನಿಗೂ ಹೆದರೋಳಲ್ಲ ಅಂತ ಊರಿಗೆ ಗೊತ್ತಾಗ್ಲಿ.”

ಮೆಲ್ಕೋರ್ ಕತ್ತೆಗೆ ಹುಲ್ಲು ತರುತ್ತೇನೆಂದು ಹೊರಟವನು ಸಂಜೆ ಹುಲ್ಲಿಲ್ಲದೆ ಬಂದ. ಟೋಪಿ ಕೈಯಲ್ಲಿತ್ತು, ಮುಖ ಬಿಳಿಚಿಕೊಂಡಿತ್ತು.

“ನಿನ್ನನ್ನ ಹಾಜರಾತಿ ಸಮಿತಿಗೆ ಅಧ್ಯಕ್ಷೆ ಮಾಡಿದ್ರು ಕಣೇ. ಒಂದು ವರ್ಷ. ಶಾಲೆ ತಪ್ಪಿಸಿದ ಮಕ್ಕಳನ್ನ ಮನೆಮನೆಗೆ ಹೋಗಿ ಕರ್ಕೊಂಡು ಬರಬೇಕಂತೆ.”

ಸಾನ್ ಮತಿಯಾಸ್‌ನ ಪದ್ಧತಿಯೇ ಹಾಗೆ. ಸಂಬಳವಿಲ್ಲದ ಹೊಣೆಗಳನ್ನೆಲ್ಲ ಸಭೆಗೆ ಬಾರದವರ ತಲೆಗೇ ಕಟ್ಟುತ್ತಾರೆ. ಬಂದವರಾದರೆ ಕಾಡಿ ಬೇಡಿ ತಪ್ಪಿಸಿಕೊಳ್ಳುತ್ತಾರೆ, ಬಾರದವರು ಹೇಗೆ ಬೇಡ ಅಂದಾರು? ಊರು ಕೊಟ್ಟದ್ದನ್ನು ಆಮೇಲೆ ಒಲ್ಲೆ ಎಂದರೆ ನಾಳೆ ಮನೆಯಲ್ಲಿ ಹೆಣ ಬಿದ್ದರೆ ಹೆಗಲು ಕೊಡುವವರಿರುವುದಿಲ್ಲ. ಒತಿಲಿಯಾಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಹೋದ ವರ್ಷ ಹಲ್ಲುನೋವೆಂದು ಮಲಗಿದ್ದ ಪಕ್ಕದ ಮನೆಯವನನ್ನು ಸ್ಮಶಾನ ಸಮಿತಿಗೆ ಸೂಚಿಸಿದವಳು ಅವಳೇ. ಸಿಟ್ಟಿನ ಭರದಲ್ಲಿ ಮರೆತುಬಿಟ್ಟಿದ್ದಳು.

“ಅಂದ್ರೆ ನೀನು ಅಲ್ಲಿದ್ದೆ!”

“ಹುಲ್ಲು ಆ ಕಡೇನೇ ಚೆನ್ನಾಗಿತ್ತು…”

“ಬೇಡ ಅನ್ನೋಕೆ ಬಾಯಿರಲಿಲ್ವಾ?”

“ಎಲ್ರೂ ಕೈ ಎತ್ತಿದ್ರು.”

“ನೀನು?”

“ನಾನೊಬ್ಬ ಎತ್ತದೆ ಇದ್ದಿದ್ರೆ ನನ್ನನ್ನೇ ಮಾಡಿಬಿಡ್ತಿದ್ರು ಕಣೇ!”

ಅಂದು ಮೆಲ್ಕೋರ್‌ಗೆ ಊಟ ಸಿಗಲಿಲ್ಲ. ಪಾತ್ರೆ ಕುಕ್ಕುತ್ತ ಕುಕ್ಕುತ್ತ ಒತಿಲಿಯಾಳ ತಲೆಯಲ್ಲಿ ಒಂದು ದಿವ್ಯ ಉಪಾಯ ಹೊಳೆಯಿತು. “ಸರಿ, ಅಧ್ಯಕ್ಷೆ ತಾನೇ? ಆಗ್ತೀನಿ. ಹೇಗೆ ಆಗ್ತೀನಿ ಅಂದ್ರೆ, ಒಂದೇ ದಿನಕ್ಕೆ ಊರೆಲ್ಲ ಕಾಲಿಗೆ ಬಿದ್ದು, ತಾಯೀ ನಮ್ಮನ್ನ ಬಿಟ್ಟುಬಿಡು ಅನ್ನಬೇಕು!”

ಮರುದಿನ ಸೋಮವಾರ. ಸಂತೆಯ ಯಜಮಾನನೂ ಹಾಜರಿ ಹಾಕುತ್ತಾನೆ, ಮೂರು ಸಲ ಅಂಗಡಿ ಹಾಕದಿದ್ದರೆ ಜಾಗ ಬೇರೆಯವರ ಪಾಲು. (ಈ ನಿಯಮ ಬಹಳ ಒಳ್ಳೆಯದೆಂದು ಒತಿಲಿಯಾ ಯಾವಾಗಲೂ ಹೊಗಳುತ್ತಿದ್ದಳು.) ಹಾಗಾಗಿ ಹಂಡೆಯ ಜೊತೆ ಮೆಲ್ಕೋರ್‌ನನ್ನೂ ನೆರೈದಾಳನ್ನೂ ಸಂತೆಗೆ ಅಟ್ಟಿ, ಅಧ್ಯಕ್ಷೆ ಸೌಟು ಹಿಡಿದು ದಂಡಯಾತ್ರೆಗೆ ಹೊರಟಳು.

ಊರ ಯಜಮಾನರ ಮೊಮ್ಮಗನನ್ನು ಮಂಚದಡಿಯಿಂದ ಎಳೆದಳು. ಕ್ಷೌರಿಕನ ಅವಳಿಗಳನ್ನು ಜೋಳದ ಕಣಜದಿಂದ ಹೊರತೆಗೆದಳು. “ಜ್ವರ ಒತಿಲಿಯಕ್ಕಾ,” ಎಂದ ತಾಯಿಯ ಎದುರಲ್ಲೇ ಹುಡುಗನ ಹಣೆ ಮುಟ್ಟಿ, “ಇದಕ್ಕಿಂತ ನನ್ನ ತಮಾಲೆ ಬಿಸಿ ಇರತ್ತೆ, ನಡಿಯೋ!” ಎಂದಳು. ಕೊನೆಗೆ ಹೊಳೆಯಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬನನ್ನು ಕಿವಿ ಹಿಡಿದು ತಂದಳು. ಅವನು ಅಬುಂದಿಯೋ ಮೇಷ್ಟ್ರ ಸ್ವಂತ ಮಗ.

“ನೀವು ಯಾವಾಗ ಸುಣ್ಣ ಬಳೀತೀರಿ, ಮೇಷ್ಟ್ರೇ?”

ಮೇಷ್ಟ್ರು ಕೆಮ್ಮಿ ಹಾಜರಿ ಪುಸ್ತಕ ತೆರೆದರು. “ದೋನ್ಯಾ ಒತಿಲಿಯಾ ಅಮ್ಮನವರೇ, ಈ ಶಾಲೆ ಹುಟ್ಟಿದಾಗಿಂದ ಇಷ್ಟು ಮಕ್ಕಳು ಒಟ್ಟಿಗೆ ಬಂದಿರಲಿಲ್ಲ. ಇನ್ನೊಬ್ಬಳೇ ಬಾಕಿ.”

ಬೇಲಿಯಾಚೆ ಊರ ಅಪ್ಪ-ಅಮ್ಮಂದಿರೆಲ್ಲ ಕೈಕಟ್ಟಿ ನಿಂತು ಅವಳನ್ನೇ ನೋಡುತ್ತಿದ್ದರು. ಸುಣ್ಣ ಬಳಿದೇನು, ಇವರ ಬಾಯಿಗೆ ಬೀಳಲಾರೆ ಅನ್ನಿಸಿತು ಒತಿಲಿಯಾಳಿಗೆ. ದಡದಡನೆ ಸಂತೆಗೆ ನಡೆದಳು. “ಏಳೇ! ಒತಿಲಿಯಾ ತನ್ನ ಮಗಳಿಗೆ ವಿನಾಯಿತಿ ಕೊಟ್ಲು ಅಂತ ಒಬ್ಬನೂ ಹೇಳಬಾರದು!” ನೆರೈದಾ ಎದ್ದದ್ದಷ್ಟೇ ಅಲ್ಲ, ಅಮ್ಮನಿಗಿಂತ ಮೊದಲೇ ಶಾಲೆ ಮುಟ್ಟಿ ಬಾವುಟದ ತಂಡದ ಮುಂದೆ ನಿಂತಿದ್ದಳು.

“ಎಚ್ಚ…ರ!”

ಪಾರಿವಾಳಗಳು ಎದ್ದವು. ಮಕ್ಕಳು, ಮೇಷ್ಟ್ರು, ಬೇಲಿಯಾಚೆಯ ಊರು ಎಲ್ಲ ಸೆಟೆದು ನಿಂತಿತು. ಒತಿಲಿಯಾಳ ಬೆನ್ನು ಅವಳನ್ನು ಕೇಳದೆಯೇ ನೆಟ್ಟಗಾಯಿತು, ಕೈ ಎದೆಗೆ ಹೋಯಿತು, ಕಣ್ಣು ಒದ್ದೆಯಾಯಿತು. ಆ ನಿಶ್ಶಬ್ದದಲ್ಲಿ ಸಂತೆಯ ಕಡೆಯಿಂದ ಮೆಲ್ಕೋರ್‌ನ ದನಿ ಕೇಳಿತು: “ತಮಾಲೆ… ಯಾರಿಗಾದ್ರೂ ಬೇಕಿತ್ತಾ…”

“ಜೋರಾಗಿ…” ಎಂದು ಬಾಯಿ ತೆರೆದಳು ಒತಿಲಿಯಾ.

“ಸಾಲಲ್ಲಿ ಮಾತಿಲ್ಲ!” ಎಂದಳು ನೆರೈದಾ, ಕತ್ತು ಕೂಡ ತಿರುಗಿಸದೆ.

ಒತಿಲಿಯಾ ಬಾಯಿ ಮುಚ್ಚಿದಳು. ಬಾವುಟ ಅಂಗಳ ಸುತ್ತಿ ಒಳಗೆ ಹೋಯಿತು. ಮೇಷ್ಟ್ರು ಬೇಲಿಯತ್ತ ತಿರುಗಿ ಗಂಟಲು ಸರಿಪಡಿಸಿಕೊಂಡರು.

“ಎಲ್ಲರೂ ಇಲ್ಲೇ ಇದ್ದೀರಿ, ಸಭೆ ಅಂತಲೇ ತಿಳಿಯೋಣ. ಮುಂದಿನ ವರ್ಷಕ್ಕೂ ದೋನ್ಯಾ ಒತಿಲಿಯಾನೇ ಅಧ್ಯಕ್ಷೆ ಆಗಲಿ ಅನ್ನೋರು ಕೈ ಎತ್ತಿ. ಅವರಿಗೆ ಬೇಡದಿದ್ರೆ ಈಗಲೇ ಹೇಳಿಬಿಡಲಿ.”

ಬೇಲಿಯುದ್ದಕ್ಕೂ ಕೈಗಳು ಎದ್ದವು. ಬೇಡ ಎನ್ನಲು ಈ ಸಲ ಒತಿಲಿಯಾ ಅಲ್ಲೇ ಇದ್ದಳು. ಆದರೆ ನೆರೈದಾ ನೇರ ಮುಂದೆ ನೋಡುತ್ತ ನಿಂತಿದ್ದಳು. ‘ವಿಶ್ರಾಮ’ ಎಂದು ಅವಳು ಇನ್ನೂ ಹೇಳಿರಲಿಲ್ಲ.