ಎರಡು ಹೊತ್ತು ಕರೆದು ನೋಡಿದ ಫ್ಲಾಟು

ಮನೆ ಹುಡುಕಲು ಹೊರಟ ದಿನದಿಂದ ನಮಗೆ ಒಂದಲ್ಲ ಒಂದು ಆಗುತ್ತಲೇ ಇದೆ. ನಾನು ಪಾಂಡವಪುರದಲ್ಲಿ ಲ್ಯಾಬ್ ಕೆಲಸದವಳು. ಹತ್ತು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಈಗಿನ ಮನೆಯವರೂ ಖಾಲಿ ಮಾಡಿ ಎಂದಿದ್ದಾರೆ. ಚಿಕ್ಕದಾದರೂ ಸರಿ, ನಮ್ಮದೇ ಒಂದು ಬೇಕು. ಅದಕ್ಕಾಗಿ ನಾನು ಅತ್ತದ್ದೂ ಉಂಟು. ಆದರೆ ಅವರಮ್ಮ ಒಪ್ಪದೆ ನನ್ನ ಗಂಡ ಅಂಗಿ ಗುಂಡಿ ಕೂಡ ಹಾಕಿಕೊಳ್ಳುವುದಿಲ್ಲ. ಇನ್ನು ಪತ್ರಕ್ಕೆ ಸಹಿ ಎಲ್ಲಿಂದ ಬರಬೇಕು?

೧. ನದಿ ಕಾಣುವ ಮನೆ

ಶ್ರೀರಂಗಪಟ್ಟಣ ದಾಟಿ ಮೈಸೂರಿನ ಕಡೆ ಒಂದು ಹಳೇ ಫ್ಲಾಟು. ಎರಡನೇ ಮಹಡಿ, ಒಂದು ಹಾಲು, ಒಂದು ರೂಮು. ಅಡುಗೆಮನೆಗೆ ಒಬ್ಬರು ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಬಾಲ್ಕನಿಯಿಂದ ಕಾವೇರಿ ಕಾಣುತ್ತದೆ ಎಂದಿದ್ದ ಬ್ರೋಕರ್. ಕಂಡದ್ದು ಎದುರು ಮನೆಯವರ ನೈಟಿಗಳು.

ಕೇಳಿದ್ದಕ್ಕೆ ತಾರಸಿಗೆ ಕರೆದೊಯ್ದು, ನೀರಿನ ಟ್ಯಾಂಕಿನ ಏಣಿ ಹತ್ತಿಸಿ ತೋರಿಸಿದ.

"ಬಾಲ್ಕನಿಯಿಂದ ಅಂದ್ರಲ್ಲ?" ಎಂದೆ.

"ಬಾಲ್ಕನಿಯಿಂದ್ಲೇ ಅಕ್ಕ. ಯಾರ ಬಾಲ್ಕನಿ ಅಂತ ನೀವು ಕೇಳ್ನಿಲ್ವಲ್ಲ!"

೨. ಚಕ್ಕುಬಂದಿ

ಮನೆ ಮಾತ್ರ ನನಗೆ ಹಿಡಿಸಿಬಿಟ್ಟಿತ್ತು. ಅತ್ತೆ ಶೀಳನೆರೆಯಲ್ಲಿ ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಸುದ್ದಿ ಕೇಳಿದೊಡನೆ ಜಮೀನಿಗೆ ಕೇಳುವಂತೆ ನಾಲ್ಕು ದಿಕ್ಕಿನ ಗಡಿ ಕೇಳಿದರು. ನನ್ನ ಗಂಡ ಪತ್ರ ಓದಿದರು.

"ಪೂರ್ವಕ್ಕೆ ಕಾರಿಡಾರು, ದಕ್ಷಿಣಕ್ಕೆ ಮೆಟ್ಟಿಲು..."

"ಕೆಳಿಕ್ಕೆ?"

"ಕೆಳಗೆ ಬೇರೆಯವ್ರವ್ರೆ."

"ಮ್ಯಾಕ್ಕೆ?"

"ಅಲ್ಲೂ ಬೇರೆಯವ್ರೇ ಕಣವ್ವ."

"ಅಂಗಾರೆ ನಿನ್ ಭೂಮಿ ಎಲ್ಲದೆ ಲಾ?"

"ನೆಲದಲ್ಲೂ ಪಾಲದೆ. ಆದ್ರೆ ಇಂತಾ ಕಡೆ ಅಂತಿಲ್ಲ, ಎಲ್ಲಾರ್ದೂ ಜಂಟಿ."

ಅತ್ತೆ ಎಲೆಗೆ ಸುಣ್ಣ ಸವರಿದರು. "ಪಾಲಾಗ್ದಿರೋ ಆಸ್ತಿನ ದುಡ್ ಕೊಟ್ಟು ತಕ್ಕತೀಯೇನ್ಲಾ? ನಿಮ್ಮಪ್ಪಂದೇ ಅದೆಯಲ್ಲ, ಪುಕ್ಸಟ್ಟೆ!"

೩. ಎರಡು ಹೊತ್ತು

ಒಂದು ವಾರ ಬೇಡಿಕೊಂಡ ಮೇಲೆ ಅತ್ತೆ ಬಂದರು. ಮಾರುವವರು ಒಬ್ಬಂಟಿ, ನಿವೃತ್ತ ಟೀಚರು. ಯಾಕೆ ಮಾರುತ್ತೀರಿ ಎಂದು ಅತ್ತೆ ಕೇಳಿದರು.

"ಆರು ವರ್ಷದಿಂದ ಇದೀನಿ. ಇಡೀ ಕಟ್ಟಡದಲ್ಲಿ ನನ್ನ ಜೊತೆ ಮಾತಾಡೋರು ಒಬ್ಬರೂ ಇಲ್ಲ" ಎಂದರು ಟೀಚರು.

"ಎಲ್ಡೊತ್ತು ಆಲು ಕರ್ದು ನೋಡ್ದೆ ನಾವು ಅಸ ತಕ್ಕಳಕಿಲ್ಲ ಕಣವ್ವ. ಇವತ್ತು ಸಂಜೆ, ನಾಳೆ ಬೆಳಿಗ್ಗೆ ನಾನಿಲ್ಲೇ ಇದ್ದು ನೋಡ್ತೀನಿ" ಎಂದು ಅತ್ತೆ ಚೀಲ ಇಳಿಸಿದರು. ಟೀಚರು ಇನ್ನೊಂದು ಚಾಪೆ ಹುಡುಕಲು ಎದ್ದರು.

ಮರುದಿನ ಬೆಳಿಗ್ಗೆ ನಾವು ಹೋದಾಗ ಮಹಡಿಯ ಬಾಗಿಲುಗಳೆಲ್ಲ ತೆರೆದಿದ್ದವು. ಮೆಟ್ಟಿಲ ಮೇಲೆ ಆರು ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ನಡುವೆ ಟೀಚರು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅತ್ತೆ ಎಲ್ಲರ ಮನೆಗೂ ಹೋಗಿ ಕರೆತಂದಿದ್ದರಂತೆ.

"ನೀರು ಬತ್ತದೆ, ಗಾಳಿ ಬತ್ತದೆ, ಒಳ್ಳೆ ಜನ. ನಂದು ಒಪ್ಗೆ ಕಣವ್ವ" ಎಂದರು ಅತ್ತೆ.

ಟೀಚರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ತಪ್ಪು ತಿಳ್ಕೋಬೇಡಮ್ಮ. ನಾನು ಮಾರಲ್ಲ. ಇಂಥ ಜನ ಬಿಟ್ಟು ಎಲ್ಲಿಗೆ ಹೋಗ್ಲಿ?"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡೆ. ಅತ್ತೆ ಮಾತ್ರ ಅಲುಗಾಡಲಿಲ್ಲ.

"ಅಳಬ್ಯಾಡ ಸುಮ್ಕಿರವ್ವ. ಮ್ಯಾಲಿನ ಮನೇನೂ ಮಾರ್ತಾರಂತೆ."

"ಅವರು ಯಾಕಂತೆ?"

"ಗಂಡ ಎಂಡ್ತಿಗೆ ಮಾತಿಲ್ವಂತೆ. ಇವತ್ತು ಸಂಜೆ ಅಲ್ಲಿ ಉಳ್ಕತೀನಿ."