ಕಾರು ಹೋಗದ ಬುರುಜು

ನಮ್ಮ ಭಾವನವರಿಗೆ ಕಾಲುಗಳಿವೆ ಎಂಬ ಸತ್ಯ ನನಗೆ ಗೊತ್ತಾದದ್ದು ಹೋದ ಶುಕ್ರವಾರ. ಅಲ್ಲಿಯವರೆಗೆ ಅವನ್ನು ಬ್ರೇಕು, ಆಕ್ಸಿಲರೇಟರು ಒತ್ತಲೆಂದು ಕಾರಿನ ಜೊತೆಗೇ ಬಂದ ಬಿಡಿಭಾಗಗಳೆಂದು ತಿಳಿದಿದ್ದೆ!

ನಂಬುವುದಿಲ್ಲವೆ? ಒಮಾನಿನ ಇಬ್ರಾದಲ್ಲಿ ಹದಿನೇಳು ವರ್ಷ ಎಂಜಿನಿಯರಾಗಿದ್ದ ಈ ಧಾರವಾಡದ ಮಹಾನುಭಾವರು ಎದುರಿನ ಅಂಗಡಿಯಿಂದ ಮೊಸರು ತರಲೂ ಕಾರು ತೆಗೆಯುತ್ತಾರೆ. ಹಾರ್ನ್ ಹೊಡೆದರೆ ಮೊಸರು ಕಾರಿಗೇ ಬರುತ್ತದೆ. ತಿರುಗಿ ಬರುವಷ್ಟರಲ್ಲಿ ನೆರಳಿನ ಜಾಗ ಹೋಗಿದ್ದರೆ, ಅದು ಖಾಲಿಯಾಗುವವರೆಗೆ ಕಟ್ಟಡಕ್ಕೆ ಪ್ರದಕ್ಷಿಣೆ. ಮೊಸರು ಹುಳಿಯಾಗಲಿ, ಹತ್ತು ಹೆಜ್ಜೆ ಹೆಚ್ಚು ನಡೆಯುವ ಪ್ರಸಂಗ ಬರಬಾರದು! ಆ ಕಾರಿನ ಕೀಲಿಯನ್ನೋ, ಇನ್ನೊಬ್ಬರ ಕೈಗೆ ಕೊಟ್ಟದ್ದೇ ಇಲ್ಲ. ಒಮ್ಮೆ ನಾನು ಕೇಳಿದ್ದಕ್ಕೆ, ಕಿಡ್ನಿ ಕೇಳಿದವಳನ್ನು ನೋಡುವಂತೆ ನೋಡಿದ್ದರು.

ಅಕ್ಕನಿಗೆ ಡ್ರೈವಿಂಗ್ ಬರದು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ ಕೈಬಿಟ್ಟಳು. ಭಾವ ಕೆಲಸದಿಂದ ಬರುವವರೆಗೆ ಅವಳಿಗೆ ಮನೆಯೇ ಗತಿ. ಅಡುಗೆಮನೆಯ ಕಿಟಕಿಯಿಂದ ಒಂದು ಬೋಳುಗುಡ್ಡ, ಅದರ ನೆತ್ತಿಯ ಮೇಲೊಂದು ಹಳೆಯ ಕಾವಲು ಬುರುಜು ಕಾಣುತ್ತದೆ. ಒಮ್ಮೆ ಅಲ್ಲಿಗೆ ಹತ್ತಿ ಹೋಗಬೇಕೆಂಬುದು ಬಂದ ವರ್ಷದಿಂದಲೂ ಅವಳ ಆಸೆ. ಕೇಳಿದಾಗಲೆಲ್ಲ ಭಾವನದು ಒಂದೇ ಉತ್ತರ: "ಕಾರು ಹೋಗದ ಜಾಗಾಕ್ಕ ಮನಷ್ಯಾ ಯಾಕ ಹೋಗಬೇಕು?"

ಈಗ ನೌಕರಿ ಮುಗಿದಿತ್ತು. ಭಾನುವಾರ ಊರಿಗೆ ವಿಮಾನ, ಮತ್ತೆ ಬರುವ ಮಾತಿಲ್ಲ. ಅಕ್ಕ ಕೇಳುವುದನ್ನೇ ಬಿಟ್ಟಿದ್ದಳು.

ಸಾಮಾನು ಕಟ್ಟಲು ನಾನು ನನ್ನೂರಾದ ದಾರ್ಸೈಟಿನಿಂದ ಇಬ್ರಾಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಕಾಗದ ಸುತ್ತುವ ಕೆಲಸವನ್ನು ಭಾವನಿಗೆ ಅಂಟಿಸಿ, ನಾವಿಬ್ಬರೂ ಒಳಕೋಣೆಯಲ್ಲಿ ಸೀರೆ ಮಡಚುತ್ತಿದ್ದೆವು. ಅರ್ಧ ಗಂಟೆಗೆ ಭಾವ ಬೂಟು ಹಾಕಿಕೊಂಡು ಬಂದು ನಿಂತರು. ಬುರುಜಿಗೆ ಹೋಗೋಣ ಎಂದರು! ಅಕ್ಕನ ಕೈಯಿಂದ ಸೀರೆ ಜಾರಿತು. ಹಣೆ ಮುಟ್ಟಿ ನೋಡೆಂದು ನಾನು ಸನ್ನೆ ಮಾಡಿದೆ. ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಗುಡ್ಡದ ಬುಡದವರೆಗೆ ಕಾರಿನಲ್ಲೇ ಹೋದೆವು, ಅದನ್ನೇನು ಕೇಳುತ್ತೀರಿ. ಆಮೇಲೆ ಕಲ್ಲು ಜಾರುವ ಕಾಲುದಾರಿ. ಅಕ್ಕ ಆಡಿನ ಮರಿಯಂತೆ ಮುಂದೆ ಮುಂದೆ. ಭಾವ ಇಪ್ಪತ್ತು ಹೆಜ್ಜೆಗೊಮ್ಮೆ ವ್ಯೂ ನೋಡುವ ನೆಪದಲ್ಲಿ ನಿಂತು ಉಸಿರು ತಗೊಳ್ಳುವರು. ವ್ಯೂ ಎಂದರೆ ಕೆಳಗೆ ನಿಂತಿದ್ದ ಅವರ ಕಾರು, ಮತ್ತೇನಲ್ಲ!

ಬುರುಜು ಮುಟ್ಟಿದ ಮೇಲೆ ಅಕ್ಕ ಅದರ ಗೋಡೆಗೆ ಅಂಗೈ ಇಟ್ಟು ನಿಂತಳು. ಆಮೇಲೆ ಊರಿನ ಕಡೆ ತಿರುಗಿ, ಹಳದಿ ಮಸಿಬಟ್ಟೆ ಒಣಹಾಕಿದ್ದ ತನ್ನ ಕಿಟಕಿಯನ್ನು ಹುಡುಕಿ ತೆಗೆದಳು.

"ಇಷ್ಟ ಸಣ್ಣದಿತ್ತೇನ?" ಎಂದಳು.

ನಾನು ನಕ್ಕೆ. ಭಾವ ನಗಲಿಲ್ಲ.

ಇಳಿಯಲು ಆಚೆ ಬದಿಯೇ ಸಲೀಸು ಎಂದು ಮೊಬೈಲು ನೋಡಿ ತೀರ್ಪು ಕೊಟ್ಟವರೂ ಅವರೇ. ಗುಡ್ಡದ ಏಣಿನ ಮೇಲೆ ಮುಕ್ಕಾಲು ಗಂಟೆ ನಡೆದು, ಆಚೆಯ ಹಳ್ಳಿಯ ಖರ್ಜೂರದ ತೋಟದ ಬಳಿ ಇಳಿದೆವು. ಭಾವ ಜೇಬಿನಿಂದ ಕೀಲಿ ತೆಗೆದು ಗುಂಡಿ ಒತ್ತಿದರು. ಸದ್ದಿಲ್ಲ. ಕೈ ಮೇಲೆತ್ತಿ ಮತ್ತೆ ಒತ್ತಿದರು. ಆಮೇಲೆ ನಮ್ಮನ್ನೇ ಕೇಳಿದರು, ಕಾರೆಲ್ಲಿ ಎಂದು!

ಅಯ್ಯೋ ದೇವರೆ! ಹದಿನೇಳು ವರ್ಷ ಎಲ್ಲಿಂದ ಹೊರಗೆ ಬಂದರೂ ಎದುರಿಗೆ ಕಾರು ಇರುತ್ತಿತ್ತು, ಸರಿ. ಆದರೆ ಈಗ ಅದು ಗುಡ್ಡದ ಆಚೆ ನಿಂತಿದೆ, ಗುಡ್ಡ ದಾಟಿ ತಾನಾಗಿ ಬರುತ್ತದೆಯೆ? ಎಂಜಿನಿಯರಂತೆ ಎಂಜಿನಿಯರು! ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಳಿತೆ.

ಪುಣ್ಯಕ್ಕೆ ಹೆಂಡತಿಯೊಡನೆ ಹೊರಟಿದ್ದ ಒಬ್ಬ ಒಮಾನಿ ಮುದುಕ ಪಿಕಪ್ ನಿಲ್ಲಿಸಿ, ಯಲ್ಲಾ, ನಡೀರಿ, ಹತ್ತಿ ಎಂದ. ನಾನು ಹತ್ತಿಯೇಬಿಟ್ಟೆ. ಅಕ್ಕ ಮಾತ್ರ ಕತ್ತೆತ್ತಿ ಬುರುಜಿನ ಕಡೆ ನೋಡುತ್ತಿದ್ದಳು. ಭಾವ ಅವಳನ್ನು ನೋಡಿದರು. ಪಿಕಪ್ಪಿನ ಬಳಿ ಬಂದು ನನ್ನ ಅಂಗೈಯಲ್ಲಿ ಕಾರಿನ ಕೀಲಿ ಇಟ್ಟರು. ಕೀಲಿ! ನನ್ನ ಕೈಯಲ್ಲಿ!

"ನೀ ಕಾರು ಮನೀಗೆ ಒಯ್ಯಿ. ನಾವಿಬ್ರೂ ಬಂದ ದಾರೀಲೆ ನಡಕೋತ ಬರ್ತೀವಿ."

ತಲೆ ಕೆಟ್ಟಿದೆಯೆ ಎಂದು ಕೇಳಿದೆ. ಅವರು ದನಿ ತಗ್ಗಿಸಿದರು.

"ಆ ಅಡಗಿಮನಿ ಕಿಟಕಿ ಮುಂದ ನಾ ನಿಂತಿದ್ದು ಇವತ್ತ ಮೊದಲನೇ ಸಲ. ಅಲ್ಲಿಂದ ಇದೊಂದ ಕಾಣಸ್ತದ. ಮತ್ತೇನೂ ಇಲ್ಲ. ಇನ್ನೊಮ್ಮೆ ಮುಟ್ಟಿ ಬರ್ಲಿ ಆಕಿ."

ಮುದುಕ ಗುಡ್ಡ ಬಳಸಿ ಹೋಗಿ ನನ್ನನ್ನು ಕಾರಿನ ಬಳಿ ಇಳಿಸಿದ. ಕಾರನ್ನು ಮನೆಗೆ ತಂದು, ನೆಟ್ಟಗೆ ಅಡುಗೆಮನೆಗೆ ಹೋಗಿ ಕಿಟಕಿಯ ಬಳಿ ನಿಂತೆ. ಬಹಳ ಹೊತ್ತಿನ ಮೇಲೆ ಬುರುಜಿನ ಪಕ್ಕ ಎರಡು ಚುಕ್ಕೆಗಳು ಕಂಡವು. ಒಂದು ಕುಳಿತೇಬಿಟ್ಟಿತ್ತು. ಅದು ಭಾವನೇ, ಅನುಮಾನ ಬೇಡ. ಇನ್ನೊಂದು ಚುಕ್ಕೆ ಈ ಕಿಟಕಿಯ ಕಡೆಗೆ ಕೈ ಬೀಸುತ್ತಿತ್ತು. ನಾನು ಹಳದಿ ಮಸಿಬಟ್ಟೆಯನ್ನು ಎಳೆದುಕೊಂಡು, ಅಳುತ್ತಲೇ ಬೀಸಿದೆ.