ಎರಡು ‘ಕಾಯಿರಿ’ಗಳ ನಡುವೆ ಬಿದ್ದುಹೋದ ಕೋಟೆ

ಹಾರೋಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗೆ ಗಂಗಹನುಮಯ್ಯನವರು ನಡೆಸುವ ಸೈಬರ್ ಕೆಫೆಯಲ್ಲಿ, ಮೂರನೇ ನಂಬರಿನ ಕಂಪ್ಯೂಟರಿನ ಮುಂದೆ ಸದಾ ಅಂಗಾತ ಮಲಗಿರುವ ಕೀಬೋರ್ಡ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಧೂಳು, ಚೆಲ್ಲಿದ ಟೀ ಮತ್ತು ಕಡ್ಲೆಕಾಯಿ ಸಿಪ್ಪೆಗಳ ಸಮೇತ ಕ್ಷೇಮವಾಗಿರುವಿರೆಂದು ನಂಬಿ, ತಮ್ಮ ನೂರಕ್ಕೂ ಮಿಕ್ಕ ಕೀಲಿಗಳಿಗೆ ಒಂದೊಂದಾಗಿ ನಮಸ್ಕರಿಸಿ, ಅವುಗಳಲ್ಲಿ ಎರಡಕ್ಕೆ ಮಾತ್ರ ನಮಸ್ಕಾರವನ್ನು ಸದ್ಯಕ್ಕೆ ತಡೆಹಿಡಿದು ವಿಷಯಕ್ಕೆ ಬರುತ್ತೇನೆ. 2007ರ ಆಗಸ್ಟ್ 26ರ ಭಾನುವಾರ ಮಧ್ಯಾಹ್ನ, ರಾಮನಗರ ಜಿಲ್ಲೆ ಹುಟ್ಟಿ ಇನ್ನೂ ವಾರ ತುಂಬಿರದ ಶುಭ ಸಮಯದಲ್ಲಿ, ತಾವು ನಮ್ಮ ಮರಳವಾಡಿ ಸಾಮ್ರಾಜ್ಯದ ಕೋಟೆಯನ್ನು ಶತ್ರುವಿಗೆ ಒಪ್ಪಿಸಿದಿರಿ. ಶತ್ರು ಗೆದ್ದ ಎಂದು ನಾನು ಹೇಳುತ್ತಿಲ್ಲ. ತಾವು ಒಪ್ಪಿಸಿದಿರಿ ಎಂದು ಹೇಳುತ್ತಿದ್ದೇನೆ. ಈ ಎರಡು ಮಾತುಗಳಿಗಿರುವ ವ್ಯತ್ಯಾಸವನ್ನು ಊರು ಮರೆತುಬಿಡಬಾರದೆಂದೇ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಬಹಿರಂಗ ಪತ್ರವಾದ್ದರಿಂದ ತಮಗೆ ಗೊತ್ತಿರುವುದನ್ನೇ ಬೇರೆಯವರಿಗಾಗಿ ಇನ್ನೊಮ್ಮೆ ಹೇಳಬೇಕಾಗಿದೆ, ಕ್ಷಮಿಸಬೇಕು. ತಮ್ಮ ಕೆಫೆಯಲ್ಲಿ ನಾಲ್ಕು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ ಆಡುವ ಯುದ್ಧದ ಆಟವೊಂದಿದೆ. ಚದುರಂಗದ ಹಾಗೆ ಸರದಿಯ ಮೇಲೆ ನಡೆಯುವ ಆಟ: ನಾವು ನಮ್ಮ ಸೈನ್ಯವನ್ನು ನಡೆಸಿದ ಮೇಲೆ ಅವರು, ಅವರು ಮುಗಿಸಿದ ಮೇಲೆ ನಾವು. ಒಂದು ಸರದಿಗೆ ಮೂರು ನಿಮಿಷ. ಅದು ಕಳೆದರೆ ಆಟ ಯಾರ ಮುಖವನ್ನೂ ನೋಡದೆ ಮುಂದಕ್ಕೆ ಹೋಗಿಬಿಡುತ್ತದೆ. ಪ್ಲೈವುಡ್ ಗೋಡೆಯ ಆ ಕಡೆ, ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೆಷಿನ್ ನಡೆಸುವ ಲೋಕೇಶ್ ಮತ್ತು ಅವನ ಗೆಳೆಯರು. ಈ ಕಡೆ ನಾವು ಮೂವರು. ನಮ್ಮಲ್ಲಿ ಬೈರೇಶ್ ಸೇನಾಪತಿ, ಬಿ.ಕಾಂ. ಓದುತ್ತಿರುವ ಶ್ವೇತ ಖಜಾನೆ, ಮತ್ತು ಪೇಪರ್ ಏಜೆನ್ಸಿ ಇಟ್ಟುಕೊಂಡು ಅಂಗಡಿಗೆ ಬಂದದ್ದನ್ನೆಲ್ಲ ಓದಿ ಮುಗಿಸಿದ ತಪ್ಪಿಗೆ ನಾನು ಮಂತ್ರಿ. ಲೋಕೇಶನ ಬಳಿ ಆನೆಗಳಿದ್ದವು, ಕಲ್ಲೆಸೆಯುವ ಯಂತ್ರಗಳಿದ್ದವು, ಎಲ್ಲಕ್ಕಿಂತ ಮಿಗಿಲಾಗಿ ಬಾಯಿ ಇತ್ತು. ನಮ್ಮ ಬಳಿ ಇದ್ದದ್ದು ಎರಡು ಗುಡ್ಡ, ಅವುಗಳ ನಡುವೆ ಒಂದು ಗೋಡೆ, ಗೋಡೆಯ ಮೇಲೆ ಐದು ಪಡೆ ಬಿಲ್ಲಾಳುಗಳು.

ಯಾರ ಒಂದು ಚೌಕವನ್ನೂ ಕೇಳುವುದಿಲ್ಲ, ನಮ್ಮ ಒಂದು ಚೌಕವನ್ನೂ ಕೊಡುವುದಿಲ್ಲ ಎಂಬುದು ನಮ್ಮ ನೀತಿಯಾಗಿತ್ತು. ಇದನ್ನು ಹೇಡಿತನವೆಂದು ಕರೆದವರುಂಟು. ಅಂಥವರಿಗೆ ನೆನಪಿನ ಶಕ್ತಿ ಕಡಿಮೆ. ನಾನು ಮರಳವಾಡಿಯ ಒಂದೇ ಜಗುಲಿಯ ಮೇಲೆ ಕೂತಿದ್ದ ಹಾಗೆಯೇ ಮೊದಲು ಬೆಂಗಳೂರು ಜಿಲ್ಲೆಯವನಾಗಿದ್ದೆ, ಎಂಬತ್ತಾರರಲ್ಲಿ ಬೆಂಗಳೂರು ಗ್ರಾಮಾಂತರದವನಾದೆ, ಈಗ ರಾಮನಗರದವನಾಗಿದ್ದೇನೆ. ಕೂತಲ್ಲಿಂದ ಅಲುಗದೆ ಮೂರು ಜಿಲ್ಲೆ ಕಂಡವನಿಗೆ ಗಡಿ ಎಂಬುದು ಎಷ್ಟು ಸದ್ದಿಲ್ಲದೆ ಸರಿಯುತ್ತದೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮೂರಿನ ಕುರಿಗಳು ಮೇಯುತ್ತಿದ್ದ ಬಯಲಿಗೆ ಕಾರ್ಖಾನೆಯ ಕಾಂಪೌಂಡ್ ಎದ್ದಾಗಲೂ ಒಂದು ಬಾಣ ಹಾರಲಿಲ್ಲ. ಒಂದು ಬೆಳಿಗ್ಗೆ ಕುರಿಗಳು ಅಲ್ಲಿಯವರೆಗೆ ಹೋದವು, ಗೇಟನ್ನು ನೋಡಿದವು, ಸ್ವಲ್ಪ ಯೋಚಿಸಿದವು, ವಾಪಸ್ಸು ಬಂದವು. ಆ ಕುರಿಗಳನ್ನು ಕಾಯುತ್ತಿದ್ದ ಬೈರೇಶನೇ ಈಗ ಯೂನಿಫಾರ್ಮ್ ತೊಟ್ಟು ಆ ಗೇಟನ್ನು ಕಾಯುತ್ತಿದ್ದಾನೆ ಎಂಬುದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಪಣದ ವಿಷಯ. ಭಾನುವಾರದ ಮಧ್ಯಾಹ್ನ ನಾಲ್ಕೂ ಕಂಪ್ಯೂಟರಿಗೆ ತನ್ನ ಕಾರ್ಖಾನೆಯವರನ್ನೇ ಕೂರಿಸಿಕೊಂಡು ಆಡಬೇಕೆಂಬುದು ಲೋಕೇಶನ ಬಹುದಿನದ ಆಸೆ. ಆದ್ದರಿಂದ ಗಂಗಹನುಮಯ್ಯನವರ ಸಮ್ಮುಖದಲ್ಲಿ ಒಂದು ಒಪ್ಪಂದವಾಯಿತು. ನೂರನೇ ಸರದಿಯವರೆಗೆ ನಮ್ಮ ಕೋಟೆ ನಿಂತರೆ ಭಾನುವಾರ ನಮ್ಮದು. ಬಿದ್ದರೆ ಯುಗಾದಿಯವರೆಗೆ ನಾವು ಭಾನುವಾರ ಬಿಟ್ಟು ಮಂಗಳವಾರಕ್ಕೆ ಹೋಗಬೇಕು. ನನಗೆ ಮಂಗಳವಾರವೂ ಒಂದೇ, ಭಾನುವಾರವೂ ಒಂದೇ. ಶ್ವೇತಳಿಗೆ ಕಾಲೇಜು ಬಿಟ್ಟ ಮೇಲೆ ಯಾವ ದಿನವಾದರೂ ಸರಿ. ಆದರೆ ಬೈರೇಶನಿಗೆ ವಾರದ ರಜೆ ಭಾನುವಾರ ಒಂದೇ. ಉಳಿದ ಆರು ದಿನ ಅವನು ಗೇಟಿನ ಪಕ್ಕದ ಕುರ್ಚಿಗೆ ಸೇರಿದವನು. ಹೀಗಾಗಿ ಆ ಯುದ್ಧದಲ್ಲಿ ನಾವು ಉಳಿಸಿಕೊಳ್ಳಲು ಹೊರಟಿದ್ದದ್ದು ಸಾಮ್ರಾಜ್ಯವನ್ನಲ್ಲ, ಬೈರೇಶನ ಭಾನುವಾರವನ್ನು.

ತೊಂಬತ್ತೇಳನೇ ಸರದಿಯವರೆಗೆ ಅವನು ಅದನ್ನು ಉಳಿಸಿಕೊಂಡ ರೀತಿಯನ್ನು ತಾವೇ ಹತ್ತಿರದಿಂದ ಕಂಡಿದ್ದೀರಿ. ವಾರದ ಮೇಲೆ ವಾರ ಲೋಕೇಶನ ಆನೆಗಳು ಬಂದವು, ಬಾಣ ತಿಂದವು, ಹೋದವು. ಪ್ಲೈವುಡ್ಡಿನ ಆಚೆಯಿಂದ “ಏನ್ಲಾ ಬೈರೇಶ, ಕುರಿ ಕಾಯೋನು ಕೋಟೆ ಕಾಯ್ತೀಯೇನ್ಲಾ?” ಎಂದು ಕೂಗು ಬಂದರೆ, “ಕುರೀನೇ ಕಾಯ್ದೋನ್ಗೆ ಕೋಟೆ ಯಾವ್ ಲೆಕ್ಕ ಕಣ್ಲಾ? ಕೋಟೆ ಎದ್ದು ಪಕ್ಕದೋರ ಹುರುಳಿ ಹೊಲಕ್ಕೆ ನುಗ್ತದಾ?” ಎಂದು ಈ ಕಡೆಯಿಂದ ಉತ್ತರ ಹೋಗುತ್ತಿತ್ತು. ಇಂಗ್ಲಿಷ್ ಬಾರದಿದ್ದರೂ, ಸೈನ್ಯವನ್ನು ಕಾವಲಿಗೆ ನಿಲ್ಲಿಸುವ ಕೀಲಿಯ ಎಫ್ ಅಕ್ಷರವನ್ನು ಅವನು ಗುರುತಿಟ್ಟುಕೊಂಡಿದ್ದ. ಕಣ್ಣು ಮೊದಲು ಅದನ್ನು ಹುಡುಕುತ್ತಿತ್ತು, ಬೆರಳು ಹಿಂದೆ ಹೋಗುತ್ತಿತ್ತು.

ಆ ವಾರವೇ ಗಂಗಹನುಮಯ್ಯನವರಿಗೆ, ಹೊಸ ಜಿಲ್ಲೆ ಬಂದ ಉತ್ಸಾಹದಲ್ಲಿ, ಆಟಗಾರರಿಗೆ ಕನ್ನಡದಲ್ಲಿ ಸೇವೆ ಒದಗಿಸಬೇಕೆನ್ನಿಸಿತು. ನಿಘಂಟು ತೆರೆದು, ಆಟಕ್ಕೆ ಬೇಕಾದ ಕೀಲಿಗಳ ಕೆಲಸವನ್ನು ಕನ್ನಡದಲ್ಲಿ ಬರೆದು, ಇಂಗ್ಲಿಷ್ ಅಕ್ಷರ ಪೂರ್ತಿ ಮುಚ್ಚುವಂತೆ ತಮ್ಮ ಮೈಮೇಲೆ ಪುಟ್ಟ ಸ್ಟಿಕ್ಕರುಗಳನ್ನು ಅಂಟಿಸಿದರು. ಅವರು ಮರ್ಯಾದಸ್ಥರು, ಆದ್ದರಿಂದ ಎಲ್ಲವೂ ಬಹುವಚನದಲ್ಲಿ: ‘ನಡೆಯಿರಿ’, ‘ಹೊಡೆಯಿರಿ’, ‘ಕಟ್ಟಿರಿ’. ಸೈನ್ಯ ಗುರಾಣಿ ಹಿಡಿದು ಕಾವಲು ನಿಲ್ಲಲು ಒತ್ತಬೇಕಾದ ಎಫ್ ಮೇಲೆ ‘ಕಾಯಿರಿ’ ಎಂದು ಬರೆದರು. ‘ಸದ್ಯ ಸುಮ್ಮನಿರು, ಏನು ಮಾಡಬೇಕೆಂದು ಆಮೇಲೆ ಹೇಳುತ್ತೇನೆ’ ಎಂದು ಸೈನ್ಯಕ್ಕೆ ತಿಳಿಸಲು ಒತ್ತಬೇಕಾದ ಡಬ್ಲ್ಯೂ ಮೇಲೆ, ಅದಕ್ಕೂ ಸರಿಯಾದ ಕನ್ನಡ ಅದೇ ಆದ್ದರಿಂದ, ‘ಕಾಯಿರಿ’ ಎಂದೇ ಬರೆದರು. ಎರಡೂ ಒಂದೇ ನೀಲಿ ಶಾಯಿ, ಒಂದೇ ದುಂಡಕ್ಷರ.

ತೊಂಬತ್ತೆಂಟನೇ ಸರದಿಯಲ್ಲಿ ಆನೆಗಳು ಗೋಡೆಯ ಬುಡಕ್ಕೆ ಬಂದು ನಿಂತವು. ಬೈರೇಶ್ ತಮ್ಮ ಮೇಲೆ ಬಾಗಿ, ‘ಕಾಯಿರಿ’ ಎಂದಿದ್ದ ಕೀಲಿಯನ್ನು ಹುಡುಕಿ, ಕಣ್ಣಿಗೆ ಮೊದಲು ಬಿದ್ದ ಡಬ್ಲ್ಯೂವನ್ನು ಐದು ಪಡೆಗಳಿಗೂ ಭಕ್ತಿಯಿಂದ ಒತ್ತಿದ. ಮೊದಲು ನೋಡಿದವಳು ಶ್ವೇತ. “ಸಾರ್, ಸೈನ್ಯ ಕಾಯ್ತಾ ಇಲ್ಲ ಸಾರ್, ಕಾಯ್ತಾ ಐತೆ!” ಎಂದು ಅವಳು ನನ್ನತ್ತ ತಿರುಗಿ ಕಿರುಚಿದಳು. “ಕಾಯ್ತಾ ಐತಲ್ಲಮ್ಮೀ, ಇನ್ನೇನ್ ಮಾಡ್ಬೇಕು?” ಎಂದ ಬೈರೇಶ್. “ಅಯ್ಯೋ ಬೈರೇಶಣ್ಣ, ಆ ಕಾಯೋದಲ್ಲ, ಈ ಕಾಯೋದು!” ಎಂದಳು ಅವಳು. ಮಂತ್ರಿಯಾದ ನಾನು ತಕ್ಷಣ ಮಧ್ಯೆ ಪ್ರವೇಶಿಸಿ, ಕಾವಲಿರುವುದಕ್ಕೂ ಎದುರು ನೋಡುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಹೇಗೆ ಒದಗಿಬಂತೆಂಬುದನ್ನು ವಿವರಿಸಿದೆ. ಈ ವಿವರಣೆ ದೀರ್ಘವಾಯಿತೆಂದು ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ವಿಷಯದ ಗಾಂಭೀರ್ಯ ಅವರಿಗೆ ತಿಳಿಯದು. ಏನಿದ್ದರೂ ಮೂರು ನಿಮಿಷ ಮುಗಿಯಿತು.

ನಮ್ಮ ಬಿಲ್ಲಾಳುಗಳು ಬಿಲ್ಲನ್ನು ಬೆನ್ನಿಗೆ ಹಾಕಿಕೊಂಡು ಆದೇಶಕ್ಕಾಗಿ ವಿನಯದಿಂದ ನಿಂತಿದ್ದರು. ಆನೆಗಳು ಒಳಗೆ ಬಂದವು. “ಲೇ ಬೈರೇಶ, ನಿನ್ ಬಿಲ್ಲುನೋರು ಕನಕಪುರದ ಬಸ್ಸು ಕಾಯ್ತಾವ್ರೇನ್ಲಾ? ಒಸಿ ಸರ್ಕೊಳಕ್ಕೇಳು, ಆನೆ ಹೋಗ್ಬೇಕು!” ಎಂದು ಲೋಕೇಶ್ ಕೂಗಿದ. ಇಡೀ ಕೆಫೆ ನಕ್ಕಿತು. ಸತ್ಯ ಹೇಳಬೇಕೆಂದರೆ ಬೈರೇಶನೂ ನಕ್ಕ. ಆಮೇಲೆ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, “ಕಾಯೋದ್ರಲ್ಲಿ ಎಲ್ಡು ತರ ಐತೆ ಅಂತ ಗೇಟಲ್ಲಿ ಯಾರೂ ಹೇಳ್ಕೊಡ್ನಿಲ್ಲ ಕಣ್ ಕರಿಯಪ್ಪಣ್ಣ” ಎಂದು ನನಗೆ ಹೇಳಿದ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತು, ಬರಬಹುದಾದ ಲಾರಿಯನ್ನು ಕಾಯುತ್ತಾ ಗೇಟನ್ನು ಕಾಯುವವನಿಗೆ ಇವೆರಡನ್ನೂ ಬೇರ್ಪಡಿಸಿ ತೋರಿಸುವವರು ಯಾರು?

ದೂರನ್ನು ಯಾರ ಮೇಲೆ ಹಾಕಬೇಕೆಂದು ಬಹಳ ಯೋಚಿಸಿದೆ. ಗಂಗಹನುಮಯ್ಯನವರು ಸದುದ್ದೇಶದಿಂದ ಮಾಡಿದರು, ಮೇಲಾಗಿ ಟೀ ಕೊಡಿಸುತ್ತಾರೆ. ನಿಘಂಟು ನಿಜವನ್ನೇ ಹೇಳಿದೆ. ಕನ್ನಡವನ್ನು ದೂರೋಣವೆಂದರೆ ರಾಜ್ಯೋತ್ಸವ ಹತ್ತಿರ ಬರುತ್ತಿದೆ, ಭಾಷಣ ನನ್ನದೇ ಇದೆ. ಉಳಿದವರು ತಾವೊಬ್ಬರೇ. ತಮ್ಮ ಸಹನೆಯನ್ನು ನಾನು ಮನಸಾರೆ ಮೆಚ್ಚಿದವನು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ತಮ್ಮ ಎಂಟರ್ ಕೀಲಿಗೆ ಬಿದ್ದ ಗುದ್ದುಗಳನ್ನು ಕಂಡಿದ್ದೇನೆ. ಒಂದೇ ಬೆರಳಲ್ಲಿ ಕೆಲಸದ ಅರ್ಜಿ ಕುಟ್ಟುವವರ ಕೆಳಗೆ ತಾವು ನರಳದೆ ಮಲಗಿದ್ದನ್ನು ಕಂಡಿದ್ದೇನೆ. ಇಷ್ಟು ಸಹಿಸಿದವರು, ಒಬ್ಬ ಕಾವಲುಗಾರನ ಬೆರಳು ತಪ್ಪು ‘ಕಾಯಿರಿ’ಯ ಕಡೆಗೆ ಹೋದಾಗ ಒಂದು ಸಲ ಕೆಮ್ಮಬಹುದಿತ್ತಲ್ಲವೇ? ಟೀ ಕುಡಿದ ದಿನಗಳಲ್ಲಿ ಒತ್ತಿದರೂ ಏಳದೆ ಮುಷ್ಕರ ಹೂಡುವ ಡಬ್ಲ್ಯೂ, ಅಂದು ಮಾತ್ರ ಐದು ಸಲವೂ ಅಷ್ಟು ಚುರುಕಾಗಿ ಕರ್ತವ್ಯ ನಿರ್ವಹಿಸಿದ್ದು ಏಕೆ?

ಆದ್ದರಿಂದ ತಾವು ತೊಂಬತ್ತೆಂಟನೇ ಸರದಿಯನ್ನು, ಆನೆಗಳು ಗೋಡೆಯ ಹೊರಗಿದ್ದ ಸ್ಥಿತಿಯಲ್ಲೇ, ನಮಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಅದು ಸಾಧ್ಯವಿಲ್ಲದಿದ್ದರೆ ವಾರಕ್ಕೆ ಎರಡನೆಯ ಭಾನುವಾರವೊಂದನ್ನು ಮಂಜೂರು ಮಾಡಿಸಿ, ಅದು ಕಾರ್ಖಾನೆಯ ಕ್ಯಾಲೆಂಡರಿಗೂ ಅನ್ವಯಿಸುವಂತೆ ನೋಡಿಕೊಳ್ಳಬೇಕು. ಅದೂ ಆಗದಿದ್ದರೆ, ಈಗ ಭಾನುವಾರಗಳಂದು ತಮ್ಮ ಮೇಲೆ ಕೈಯಾಡಿಸುತ್ತಿರುವ ಲೋಕೇಶನ ‘ಹೊಡೆಯಿರಿ’ ಕೀಲಿಗೆ ಕೊಂಚ ಟೀ ಕುಡಿಸಿಕೊಳ್ಳಬೇಕು. ಟೀಯ ವೆಚ್ಚ ನನ್ನದು.

ವಿಶ್ವಾಸದಲ್ಲಿ ಹೆಚ್ಚಿನ ಭಾಗವನ್ನು ಕಳೆದುಕೊಂಡರೂ ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ಕರಿಯಪ್ಪ
ಮರಳವಾಡಿ ಸಾಮ್ರಾಜ್ಯದ ಮಾಜಿ ಮಂತ್ರಿ

ಮರೆತಿದ್ದ ಮಾತು: ಬೈರೇಶ್ ಈಗಲೂ ಪ್ರತಿ ಭಾನುವಾರ ಶೇವ್ ಮಾಡಿಕೊಂಡು, ಇಸ್ತ್ರಿ ಷರಟು ತೊಟ್ಟು ಹಾರೋಹಳ್ಳಿಗೆ ಬರುತ್ತಾನೆ. ಒಳಗೆ ಅವನಿಗೆ ಜಾಗವಿಲ್ಲವಾದ್ದರಿಂದ, ಒಳಗಿರುವವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಪಕ್ಕದ ಬೆಂಚಿನ ಮೇಲೆ ಸಂಜೆಯವರೆಗೆ ಕೂರುತ್ತಾನೆ. ಏನು ಮಾಡ್ತಿದ್ದೀಯಪ್ಪಾ ಎಂದು ಕೇಳಿದರೆ “ಕಾಯ್ತಾ ಇವ್ನಿ” ಎನ್ನುತ್ತಾನೆ, ಅಷ್ಟೆ. ಇದು ತಮ್ಮ ಎರಡು ‘ಕಾಯಿರಿ’ಗಳಲ್ಲಿ ಯಾವುದು? ಮೊದಲನೆಯದಾದರೆ ಅವನು ಯಾವುದನ್ನು ಕಾಯುತ್ತಿದ್ದಾನೆ, ಎರಡನೆಯದಾದರೆ ಎಲ್ಲಿಯವರೆಗೆ ಕಾಯಬೇಕು ಎಂಬುದನ್ನು, ಮುಂದಿನ ಭಾನುವಾರ ಮಧ್ಯಾಹ್ನ, ಮೂರನೇ ನಂಬರಿನ ಪರದೆಯ ಮೇಲೆ, ಬೆಂಚಿನಿಂದ ಓದಲು ಆಗುವಷ್ಟು ದಪ್ಪ ಕನ್ನಡ ಅಕ್ಷರಗಳಲ್ಲಿ, ತಾವು ಊರಿಗೆಲ್ಲ ಕಾಣುವಂತೆ ಉತ್ತರಿಸಬೇಕು.